ಮ್ಯಾನ್ಯುವಲ್ ಸಿವಿಕ್‌ಗೆ ಆಟೋಮ್ಯಾಟಿಕ್ ಬಾಕ್ಸ್ ಹಾಕಿದ ಮೇಲೆ: ದೋಷ ಎಲ್ಲಿ ಹುಡುಕಬೇಕು?

ಹುಬ್ಬಳ್ಳಿ-ಧಾರವಾಡದಲ್ಲಿ ಹಳೆಯ ಹೋಂಡಾ ಸಿವಿಕ್ ಇಟ್ಟುಕೊಂಡವರು ಅದನ್ನು ಸುಲಭಕ್ಕೆ ಮಾರುವುದಿಲ್ಲ. 2006ರಲ್ಲಿ ನಮ್ಮ ದೇಶಕ್ಕೆ ಬಂದ ಆ ಗಾಡಿಯ 1.8 ಲೀಟರ್ ಐ-ವಿಟೆಕ್ ಎಂಜಿನ್ 132 ಪಿಎಸ್ ಕೊಡುತ್ತದೆ. ಅದಕ್ಕೆ ಹೆಡರ್ (ಹೊಗೆ ಸಲೀಸಾಗಿ ಹೊರಹೋಗುವ ಪೈಪ್) ಹಾಕಿಸಿ, ಇನ್‌ಟೇಕ್ (ಗಾಳಿ ಒಳಹೋಗುವ ಪೈಪ್) ಬದಲಿಸಿ, ಟ್ಯೂನ್ ಮಾಡಿಸಿ ಮನೆಮಗನ ಹಾಗೆ ನೋಡಿಕೊಂಡವರಿದ್ದಾರೆ. ಅವರಲ್ಲಿ ಕೆಲವರಿಗೆ ಈಗ ಎಡ ಮೊಣಕಾಲು ತೊಂದರೆ ಕೊಡುತ್ತಿದೆ. ಧಾರವಾಡದಿಂದ ಹುಬ್ಬಳ್ಳಿಗೆ ದಿನಾ ಓಡಾಡುವವರಿಗೆ ಕ್ಲಚ್ ತುಳಿದು ತುಳಿದು ಸಾಕಾಗಿದೆ. ಗಾಡಿ ಬಿಡಲು ಮನಸ್ಸಿಲ್ಲ. ಹಾಗಾಗಿ ಗುಜರಿಗೆ ಬಂದ ಆಟೋಮ್ಯಾಟಿಕ್ ಸಿವಿಕ್‌ನ ಐದು ಗೇರಿನ ಬಾಕ್ಸ್ ತಂದು ಹಾಕಿಸುತ್ತಾರೆ.

ಹಾಕಿದ ಮೇಲೆ ಶುರುವಾಗುತ್ತದೆ ಪಂಚಾಯಿತಿ. ಸೆಲ್ಫ್ ಹೊಡೆಯಲ್ಲ, ಗೇರ್ ಬೀಳುವಾಗ ಧಡ್ ಅನ್ನುತ್ತದೆ, ಬಿಸಿಯಾದ ಮೇಲೆ ಜಾರುತ್ತದೆ. ಎಲ್ಲರೂ ಬಾಕ್ಸ್ ಕೆಟ್ಟಿದೆ ಅಂತಲೇ ಹೇಳಿಕೊಂಡು ಬರುತ್ತಾರೆ. ನಾನು ನೋಡಿದ ಗಾಡಿಗಳಲ್ಲಿ ಹೆಚ್ಚಿನವುಗಳ ಬಾಕ್ಸ್ ಸರಿಯಾಗೇ ಇತ್ತು. ಹಳೆಯ ಮ್ಯಾನ್ಯುವಲ್ ಗಾಡಿಯ ಯಾವುದೋ ಒಂದು ಭಾಗ ಹಾಗೇ ಉಳಿದುಕೊಂಡಿತ್ತು, ಹೊಸ ಬಾಕ್ಸ್ ಜೊತೆ ಅದು ಹೊಂದುತ್ತಿರಲಿಲ್ಲ. ಬಾಕ್ಸ್ ಇಳಿಸುವ ಖರ್ಚು ದೊಡ್ಡದು. ಅದಕ್ಕೆ ಮೊದಲು ಮೇಲಿಂದಲೇ ಏನೇನು ನೋಡಬಹುದು ಅನ್ನುವುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಏನೇನು ಬದಲಾಗಿದೆ ಅಂತ ತಿಳಿಯಿರಿ

ಬೇರೆಯವರು ಮಾಡಿದ ಕೆಲಸ ನಿಮ್ಮ ಕೈಗೆ ಬಂದರೆ, ಸ್ಕ್ಯಾನರ್ ಹಾಕುವ ಮೊದಲು ಬಾನೆಟ್ ಎತ್ತಿ ಒಮ್ಮೆ ಪೂರ್ತಿ ನೋಡಿ. ಈ ಸಿವಿಕ್‌ನಲ್ಲಿ ಎಂಜಿನ್ ಮತ್ತು ಆಟೋಮ್ಯಾಟಿಕ್ ಬಾಕ್ಸ್ ಎರಡನ್ನೂ ಒಂದೇ ಕಂಪ್ಯೂಟರ್ ನಡೆಸುತ್ತದೆ. ಮ್ಯಾನ್ಯುವಲ್ ಗಾಡಿಯ ಇಸಿಯುಗೆ (ಎಂಜಿನ್ ಮಾತ್ರ ನಡೆಸುವ ಕಂಪ್ಯೂಟರ್) ಬಾಕ್ಸಿನ ಸೋಲನಾಯ್ಡ್ (ಕರೆಂಟಿನಿಂದ ಎಣ್ಣೆಯ ದಾರಿ ತೆರೆದು ಮುಚ್ಚುವ ವಾಲ್ವ್) ಎಳೆಯುವ ಶಕ್ತಿಯೇ ಇಲ್ಲ. ಹಾಗಾಗಿ ಆಟೋಮ್ಯಾಟಿಕ್ ಗಾಡಿಯ ಪಿಸಿಎಂ (ಎರಡನ್ನೂ ನಡೆಸುವ ಆ ಕಂಪ್ಯೂಟರ್) ಬೇಕು, ಬಾಕ್ಸ್ ಕಡೆಯ ವೈರಿಂಗ್ ಬೇಕು, ರೇಡಿಯೇಟರ್ ಬೇಕು, ಎರಡೂ ಆಕ್ಸಲ್ (ಬಾಕ್ಸಿನಿಂದ ಚಕ್ರ ತಿರುಗಿಸುವ ಶಾಫ್ಟ್), ಮೌಂಟ್, ಶಿಫ್ಟರ್, ಕೇಬಲ್, ಬ್ರೇಕ್ ಪೆಡಲ್ ಬೇಕು. ಮೀಟರ್ ಕೂಡ ಬೇಕು. ಹಳೆಯ ಮೀಟರ್‌ನಲ್ಲಿ ಪಿ, ಆರ್, ಎನ್, ಡಿ (ಪಾರ್ಕ್, ರಿವರ್ಸ್, ನ್ಯೂಟ್ರಲ್, ಡ್ರೈವ್) ದೀಪಗಳೇ ಇರುವುದಿಲ್ಲ. ಬಾಕ್ಸಿನಲ್ಲಿ ದೋಷ ಬಂದಾಗ ಮಿನುಗುವುದು ಆ ಡಿ ದೀಪವೇ. ದೀಪ ಇಲ್ಲದ ಗಾಡಿಯವರು ದೋಷವೇ ಇಲ್ಲ ಅಂದುಕೊಂಡು ತಿಂಗಳುಗಟ್ಟಲೆ ಓಡಿಸುತ್ತಾರೆ.

ಕೆಲವರು ಹಳೆಯ ಇಸಿಯು ಉಳಿಸಿಕೊಂಡು ಬಾಕ್ಸಿಗೆ ಬೇರೆ ಕಂಟ್ರೋಲರ್ ಹಾಕಿರುತ್ತಾರೆ. ಅಂಥ ಗಾಡಿಗೆ ಇಲ್ಲಿನ ವೈರಿಂಗ್ ಮಾತು ಪೂರ್ತಿ ಹೊಂದುವುದಿಲ್ಲ. ಎಣ್ಣೆ, ಕೂಲರ್, ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಬಾಕ್ಸಿಗೆ ದಾಟಿಸುವ ಭಾಗ) ಮಾತು ಹೊಂದುತ್ತದೆ.

ಇನ್ನೊಂದು ಮಾತು. ಸ್ಕ್ಯಾನರ್‌ನಲ್ಲಿ ಕೋಡ್ (ಗಾಡಿಯ ಕಂಪ್ಯೂಟರ್ ಬರೆದಿಟ್ಟ ದೋಷದ ಸಂಖ್ಯೆ) ಓದಿ ಬರೆದುಕೊಳ್ಳುವವರೆಗೆ ಬ್ಯಾಟರಿ ಬಿಚ್ಚಬೇಡಿ. ಗಾಡಿ ಹೇಳಬೇಕಾದದ್ದೆಲ್ಲ ಅಳಿಸಿಹೋಗುತ್ತದೆ.

ಸೆಲ್ಫ್ ಹೊಡೆಯುವುದೇ ಇಲ್ಲ

ಇದು ಎಲ್ಲಕ್ಕಿಂತ ಜಾಸ್ತಿ ಕಾಣುವ ದೋಷ. ಮ್ಯಾನ್ಯುವಲ್ ಸಿವಿಕ್‌ನಲ್ಲಿ ಕ್ಲಚ್ ತುಳಿದರೆ ಮಾತ್ರ ಸೆಲ್ಫ್ ಹೊಡೆಯುತ್ತದೆ. ಸೆಲ್ಫ್‌ಗೆ ಕರೆಂಟ್ ಬಿಡುವ ಸ್ಟಾರ್ಟರ್ ಕಟ್ ರಿಲೇಯ ಕಾಯಿಲ್‌ಗೆ ಅರ್ಥಿಂಗ್ ಸಿಗುವುದು ಕ್ಲಚ್ ಪೆಡಲ್ ಸ್ವಿಚ್ ಮೂಲಕ. ಆಟೋಮ್ಯಾಟಿಕ್‌ನಲ್ಲಿ ಅದೇ ಅರ್ಥಿಂಗ್ ಬಾಕ್ಸಿನ ಮೇಲಿರುವ, ಯಾವ ಗೇರ್ ಹಾಕಿದೆ ಅಂತ ಹೇಳುವ ರೇಂಜ್ ಸ್ವಿಚ್‌ನಿಂದ ಬರಬೇಕು, ಅದೂ ಪಿ ಮತ್ತು ಎನ್‌ನಲ್ಲಿ ಮಾತ್ರ. ಕ್ಲಚ್ ಪೆಡಲ್ ತೆಗೆದ ಮೇಲೆ ಆ ವೈರ್ ಗಾಳಿಯಲ್ಲಿ ನೇತಾಡುತ್ತಿದ್ದರೆ ಸೆಲ್ಫ್ ಹೇಗೆ ಹೊಡೆದೀತು?

ರಿಲೇ ಕಿತ್ತು ಮಲ್ಟಿಮೀಟರ್ ಹಿಡಿಯಿರಿ. ಕಾಯಿಲ್‌ನ ಒಂದು ಪಿನ್‌ಗೆ ಕೀ ತಿರುಗಿಸಿದಾಗ ಬ್ಯಾಟರಿ ವೋಲ್ಟ್ ಬರಬೇಕು. ಇನ್ನೊಂದು ಪಿನ್‌ನಿಂದ ಬಾಡಿಗೆ ಪಿ ಮತ್ತು ಎನ್‌ನಲ್ಲಿ ಕಂಟಿನ್ಯುಟಿ ತೋರಿಸಬೇಕು, ಆರ್ ಮತ್ತು ಡಿಯಲ್ಲಿ ತೋರಿಸಬಾರದು. ಪಿಯಲ್ಲಿ ಬಂದು ಎನ್‌ನಲ್ಲಿ ಬರದಿದ್ದರೆ ಶಿಫ್ಟ್ ಕೇಬಲ್ ಅಥವಾ ರೇಂಜ್ ಸ್ವಿಚ್ ಸರಿಯಾಗಿ ಕೂತಿಲ್ಲ. ಸ್ವಿಚ್ ಕೂರಿಸುವುದು ಅಂದಾಜಿನ ಕೆಲಸವೇ ಅಲ್ಲ. ಬಾಕ್ಸನ್ನು ಎನ್‌ಗೆ ತನ್ನಿ. ಸ್ವಿಚ್‌ನ ತಿರುಗುವ ಚೌಕಟ್ಟಿನಲ್ಲೂ ಮೈಯಲ್ಲೂ ಒಂದೊಂದು ಕಚ್ಚು ಇದೆ. ಎರಡೂ ಎದುರುಬದುರು ಬಂದಾಗ ಅದರೊಳಗೆ 2.0 ಮಿಲಿಮೀಟರ್ ಫೀಲರ್ ಗೇಜ್ ತೂರಿಸಿ, ಹಾಗೇ ಹಿಡಿದುಕೊಂಡು ಬೋಲ್ಟ್ ಬಿಗಿಯಿರಿ. ಇಷ್ಟು ಮಾಡಿದರೆ ಈ ಸ್ವಿಚ್‌ನ ದೋಷ ಹೇಳುವ ಪಿ0705 ಕೋಡ್ ಬಹಳ ಸಲ ತಾನಾಗಿ ಹೋಗುತ್ತದೆ.

ಕೆಲವು ಕಡೆ ಕ್ಲಚ್ ಸ್ವಿಚ್‌ನ ಎರಡು ವೈರ್ ಸುಮ್ನೆ ಜೋಡಿಸಿ ಟೇಪ್ ಸುತ್ತಿ ಕಳಿಸುತ್ತಾರೆ. ಸೆಲ್ಫ್ ಹೊಡೆಯುತ್ತದೆ, ಗಿರಾಕಿಗೂ ಖುಷಿ. ಆದರೆ ಆ ಗಾಡಿ ಡಿಯಲ್ಲೂ ಆರ್‌ನಲ್ಲೂ ಸ್ಟಾರ್ಟ್ ಆಗಬಹುದು. ಮನೆ ಮುಂದೆ ಮಕ್ಕಳು ಆಡುತ್ತಿರುವಾಗ ಗಾಡಿ ಹಾರಿ ಮುಂದೆ ಬಂದರೆ ಏನು ಗತಿ? ಯಾರ ಗಾಡಿಯೇ ಬರಲಿ, ಬ್ರೇಕ್ ಗಟ್ಟಿ ತುಳಿದು, ಮುಂದೆ ಯಾರೂ ಇಲ್ಲ ಅಂತ ನೋಡಿಕೊಂಡು, ಡಿ ಮತ್ತು ಆರ್‌ನಲ್ಲಿ ಕೀ ತಿರುಗಿಸಿ ನೋಡಿ. ಸೆಲ್ಫ್ ಹೊಡೆದರೆ ಆ ಜೋಡಣೆ ಬಿಚ್ಚಿ ಸರಿಮಾಡದೆ ಗಾಡಿ ಕೊಡಬೇಡಿ. ಈ ಒಂದು ವಿಷಯದಲ್ಲಿ ನಾನು ಯಾರ ಮಾತೂ ಕೇಳುವುದಿಲ್ಲ.

ರಿಲೇ ಟಕ್ ಅನ್ನುತ್ತದೆ, ಸೆಲ್ಫ್ ಮಾತ್ರ ಗೊರಗೊರ ಅಂತ ನಿಧಾನಕ್ಕೆ ತಿರುಗುತ್ತದೆ ಅಂದರೆ ಅರ್ಥಿಂಗ್ ಪಟ್ಟಿ ನೋಡಿ. ಬಾಕ್ಸ್ ಬದಲಿಸುವಾಗ ಅದನ್ನು ಬಣ್ಣದ ಮೇಲೋ ತುಕ್ಕಿನ ಮೇಲೋ ಕಟ್ಟಿರುತ್ತಾರೆ. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಬಾಕ್ಸಿನ ಮೈಗೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಪಟ್ಟಿ ತೆಗೆದು ಉಜ್ಜಿ ಕಟ್ಟಿ. ಅರ್ಥಿಂಗ್ ಸಡಿಲವಿದ್ದರೆ ಸೆನ್ಸರ್‌ಗಳೂ ಸೋಲನಾಯ್ಡ್‌ಗಳೂ ಬಾಯಿಗೆ ಬಂದ ಕೋಡ್ ಹೇಳುತ್ತವೆ. ಆಮೇಲೆ ಅವುಗಳ ಬೆನ್ನು ಹತ್ತಿ ದಿನ ಹಾಳಾಗುತ್ತದೆ.

ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಓಡುತ್ತಾ ಉಳಿಯುವುದಿಲ್ಲ

ಮೀಟರ್‌ನಲ್ಲಿ ಹಸಿರು ಕೀ ಗುರುತು ಮಿನುಗುತ್ತಿದೆಯಾ? ಹಾಗಿದ್ದರೆ ಇದು ಇಮೊಬಿಲೈಸರ್ (ಗುರುತಿಲ್ಲದ ಕೀಗೆ ಎಂಜಿನ್ ಓಡದಂತೆ ತಡೆಯುವ ವ್ಯವಸ್ಥೆ). ಗುಜರಿ ಗಾಡಿಯ ಪಿಸಿಎಂಗೆ ನಿಮ್ಮ ಕೀ ಗುರುತಿಲ್ಲ. ಹೋಂಡಾದ ಡಯಾಗ್ನಾಸ್ಟಿಕ್ ಟೂಲ್ ಇರುವವರ ಹತ್ತಿರ ಕೀ ರಿಜಿಸ್ಟರ್ ಮಾಡಿಸಬೇಕು. ಇಂಜೆಕ್ಟರ್, ಪಂಪ್ ಅಂತ ಹುಡುಕುತ್ತಾ ಹೋಗಬೇಡಿ.

ಹೊಸ ಪಿಸಿಎಂ ಹಾಕಿದ ಮೇಲೆ ಐಡಲ್ ಕಲಿಸಬೇಕು. ಎಸಿ, ಲೈಟು ಎಲ್ಲ ಆಫ್ ಮಾಡಿ, ಪಿ ಅಥವಾ ಎನ್‌ನಲ್ಲಿ 3000 ಆರ್‌ಪಿಎಂ ಹಿಡಿದು ರೇಡಿಯೇಟರ್ ಫ್ಯಾನ್ ತಿರುಗುವವರೆಗೆ ಬಿಸಿ ಮಾಡಿ. ಆಮೇಲೆ ರೇಸ್ ಬಿಟ್ಟು ಐದು ನಿಮಿಷ ಐಡಲ್‌ನಲ್ಲಿ ಬಿಡಿ. ಇದನ್ನು ಬಿಟ್ಟರೆ ಐಡಲ್ ಏರಿಳಿಯುತ್ತದೆ, ಡಿ ಹಾಕಿದ ಕೂಡಲೇ ಧಡ್ ಅನ್ನುತ್ತದೆ.

ಡಿ ಹಾಕಿದರೂ ಗಾಡಿ ಕದಲುವುದಿಲ್ಲ

ಎಣ್ಣೆಯಿಂದ ಶುರು ಮಾಡಿ. ಡ್ರೇನ್ ಬೋಲ್ಟ್ ಬಿಚ್ಚಿದರೆ ಇಳಿಯುವುದು ಸುಮಾರು ಎರಡೂವರೆ ಲೀಟರ್. ಆದರೆ ಒಣಗಿದ ಬಾಕ್ಸ್ ಮತ್ತು ಖಾಲಿ ಕನ್ವರ್ಟರ್‌ಗೆ ಅದರ ಎರಡು ಪಟ್ಟಿಗಿಂತ ಜಾಸ್ತಿ ಬೇಕು. ಸರ್ವಿಸ್ ಅಳತೆ ನೋಡಿ ಎಣ್ಣೆ ಹಾಕಿ ಬಾಕ್ಸ್ ಕೆಟ್ಟಿದೆ ಅಂದವರನ್ನು ಕಂಡಿದ್ದೇನೆ. ಎಣ್ಣೆ ಮಟ್ಟದ ಕಡ್ಡಿ ನೋಡುವುದಕ್ಕೂ ಕ್ರಮ ಇದೆ. ಗಾಡಿ ಪೂರ್ತಿ ಬಿಸಿಯಾಗಬೇಕು, ಸಮನೆಲದಲ್ಲಿ ನಿಲ್ಲಬೇಕು. ಎಂಜಿನ್ ಆಫ್ ಮಾಡಿ, 60ರಿಂದ 90 ಸೆಕೆಂಡಿನ ಒಳಗೆ ಕಡ್ಡಿ ತೆಗೆದು ನೋಡಬೇಕು. ಬೇರೆ ಕಂಪನಿ ಗಾಡಿಗಳಂತೆ ಎಂಜಿನ್ ಓಡುತ್ತಿರುವಾಗ ನೋಡಿದರೆ ಲೆಕ್ಕ ತಪ್ಪುತ್ತದೆ.

ಎಣ್ಣೆ ಸರಿ ಇದ್ದರೆ ಸ್ಕ್ಯಾನರ್‌ನಲ್ಲಿ ಔಟ್‌ಪುಟ್ ಶಾಫ್ಟ್ ವೇಗ ನೋಡುತ್ತಾ ಡಿ ಹಾಕಿ ಸ್ವಲ್ಪ ರೇಸ್ ಕೊಡಿ. ಗಾಡಿ ನಿಂತಲ್ಲೇ ಇದ್ದು ವೇಗ ಮಾತ್ರ ಏರುತ್ತಿದ್ದರೆ ಬಾಕ್ಸ್ ತನ್ನ ಕೆಲಸ ಮಾಡುತ್ತಿದೆ. ಆಕ್ಸಲ್ ಒಳಗೆ ಕೂತಿಲ್ಲ, ಅಥವಾ ಮ್ಯಾನ್ಯುವಲ್‌ನ ಆಕ್ಸಲ್ಲನ್ನೇ ಹಾಕಿದ್ದಾರೆ. ಒಂದು ಕಡೆಯದು ತಪ್ಪಿದರೂ ಡಿಫರೆನ್ಷಿಯಲ್ ಆ ಕಡೆಯೇ ಸುಮ್ನೆ ತಿರುಗುತ್ತದೆ.

ವೇಗವೂ ಇಲ್ಲ, ಎಣ್ಣೆಯೂ ಇದೆ, ಒಳಗಿನಿಂದ ಕಬ್ಬಿಣ ಉಜ್ಜಿದ ಸದ್ದು ಬರುತ್ತಿದೆ ಅಂದರೆ ಕನ್ವರ್ಟರ್ ಕೂರಿಸುವಾಗಲೇ ಎಡವಟ್ಟಾಗಿದೆ. ಕನ್ವರ್ಟರ್ ಬಾಕ್ಸಿನೊಳಗೆ ಹೋಗುವಾಗ ತಿರುಗಿಸುತ್ತಾ ತಳ್ಳಬೇಕು. ಒಂದೊಂದೇ ಹಲ್ಲು ಸಿಕ್ಕಿ ಮೆಟ್ಟಿಲು ಇಳಿದ ಹಾಗೆ ಹಂತಹಂತವಾಗಿ ಒಳಗೆ ಹೋಗುತ್ತದೆ. ಕೊನೆಯ ಹಂತ ಎಣ್ಣೆ ಪಂಪ್‌ನದು. ಅದು ಸಿಗದೆ ಬೆಲ್ ಹೌಸಿಂಗ್ (ಬಾಕ್ಸ್ ಎಂಜಿನ್‌ಗೆ ಸೇರುವ ಅಗಲ ಬಾಯಿ) ಬೋಲ್ಟ್ ಬಿಗಿದು ಎಳೆದುಕೊಂಡರೆ ಪಂಪ್ ಒಡೆಯುತ್ತದೆ. ಸರಿಯಾಗಿ ಕೂತಿದ್ದರೆ ಬೆಲ್ ಹೌಸಿಂಗ್ ಪೂರ್ತಿ ಮುಚ್ಚಿದ ಮೇಲೂ ಕನ್ವರ್ಟರ್ ಕೈಯಲ್ಲೇ ತಿರುಗುತ್ತದೆ, ಡ್ರೈವ್ ಪ್ಲೇಟ್‌ಗೂ (ಫ್ಲೈವೀಲ್ ಜಾಗದಲ್ಲಿ ಎಂಜಿನ್‌ಗೆ ಕೂರುವ ತಟ್ಟೆ) ಅದಕ್ಕೂ ನಡುವೆ ಸ್ವಲ್ಪ ಜಾಗ ಇರುತ್ತದೆ. ಆ ಜಾಗ ಇಲ್ಲದಿದ್ದರೆ ಕೈ ನಿಲ್ಲಿಸಿ.

ಡ್ರೈವ್ ಪ್ಲೇಟ್‌ಗೆ ಕನ್ವರ್ಟರ್ ಹಿಡಿಯುವುದು 8 ಸಣ್ಣ ಬೋಲ್ಟ್‌ಗಳು. ಅವಕ್ಕೆ ಬೇಕಾದದ್ದು 12 ನ್ಯೂಟನ್ ಮೀಟರ್ ಅಷ್ಟೇ, ಎದುರುಬದುರು ಎರಡು ಸುತ್ತಿನಲ್ಲಿ. ದೊಡ್ಡ ಪಾನಾ ಹಾಕಿ ಶಕ್ತಿ ತೋರಿಸುವ ಜಾಗ ಅದಲ್ಲ. ಫ್ಲೈವೀಲ್‌ನ ಹಳೆಯ ಬೋಲ್ಟ್‌ಗಳನ್ನು ಡ್ರೈವ್ ಪ್ಲೇಟ್‌ಗೆ ಹಾಕಿದ್ದಾರಾ ಅಂತಲೂ ನೋಡಿ. ಫ್ಲೈವೀಲ್ ದಪ್ಪ, ಪ್ಲೇಟ್ ತೆಳು. ಬೋಲ್ಟ್ ತಳ ಮುಟ್ಟಿದರೆ ಬಿಗಿಯಾದಂತೆ ಅನ್ನಿಸುತ್ತದೆ, ಪ್ಲೇಟ್ ಮಾತ್ರ ಸಡಿಲವೇ ಇರುತ್ತದೆ. ಎಂಜಿನ್ ಮತ್ತು ಬಾಕ್ಸನ್ನು ನೇರ ಕೂರಿಸುವ ಡೋವೆಲ್ ಪಿನ್ ಬಿಟ್ಟಿದ್ದರೂ ಅಷ್ಟೇ. ಸ್ವಲ್ಪ ದಿನಕ್ಕೆ ಪ್ಲೇಟ್ ಬಿರುಕು ಬಿಡುತ್ತದೆ, ಐಡಲ್‌ನಲ್ಲಿ ಟಕಟಕ ಸದ್ದು ಬರುತ್ತದೆ. ಅದನ್ನು ಎಂಜಿನ್ ಬೇರಿಂಗ್ ಸದ್ದು ಅಂತ ತಿಳಿದು ಎಂಜಿನ್ ಬಿಚ್ಚಬೇಡಿ. ಡಿಯಿಂದ ಎನ್‌ಗೆ ತಂದಾಗ ಸದ್ದು ಬದಲಾದರೆ ಮೊದಲು ಪ್ಲೇಟ್ ನೋಡಿ.

ಬಿಸಿಯಾದ ಮೇಲೆ ಜಾರುವುದು

ಗದಗಿನಿಂದ ಒಬ್ಬರು ಇಂಥ ಗಾಡಿ ತಂದಿದ್ದರು. "ಅಣ್ಣಾರ, ಮುಂಜಾನೆ ಚಲೋ ಓಡ್ತೈತಿ. ಅಣ್ಣಿಗೇರಿ ದಾಟೂದ್ರಾಗ ಜಾರಾಕ ಹತ್ತೈತಿ. ರೇಸ್ ಕೊಟ್ರ ಎಂಜಿನ್ ಅಷ್ಟ ಒದರ್ತೈತಿ, ಗಾಡಿ ಎಳಿವಲ್ದು" ಅಂದರು. ಬೇರೆ ಕಡೆ ಬಾಕ್ಸ್ ರಿಪೇರಿಗೆ ದೊಡ್ಡ ಮೊತ್ತ ಹೇಳಿದ್ದರಂತೆ. ಕೋಡ್ ಯಾವುದೂ ಇರಲಿಲ್ಲ. ಕಡ್ಡಿಯಲ್ಲಿ ಎಣ್ಣೆ ಮಟ್ಟ ಸರಿ ಇತ್ತು, ಆದರೆ ಬಣ್ಣ ಕಂದಾಗಿ ಸುಟ್ಟ ವಾಸನೆ ಬರುತ್ತಿತ್ತು.

ರೇಡಿಯೇಟರ್ ಕೆಳಗೆ ಟಾರ್ಚ್ ಹಾಕಿದಾಗ ಕಥೆ ಗೊತ್ತಾಯಿತು. ಅದು ಹಳೆಯ ಮ್ಯಾನ್ಯುವಲ್ ರೇಡಿಯೇಟರ್. ಅದರಲ್ಲಿ ಬಾಕ್ಸ್ ಎಣ್ಣೆಗೆ ಕೂಲರ್ ಇರುವುದಿಲ್ಲ, ಪೈಪಿಗೆ ಬಾಯಿಯೇ ಇಲ್ಲ. ಹಾಗಾಗಿ ಬಾಕ್ಸಿನಿಂದ ಹೊರಬರುವ ಪೈಪ್ ಮತ್ತು ಒಳಹೋಗುವ ಪೈಪ್ ಎರಡನ್ನೂ ಒಂದು ಗೇಣುದ್ದದ ರಬ್ಬರ್ ಹೋಸ್‌ನಿಂದ ಜೋಡಿಸಿ ಕ್ಲಿಪ್ ಹಾಕಿದ್ದರು. ಹೋಸ್ ಉಬ್ಬಿ ಮೆತ್ತಗಾಗಿತ್ತು. ಎಣ್ಣೆ ಬಿಸಿಯಾಗೇ ಹೊರಗೆ ಬಂದು ಬಿಸಿಯಾಗೇ ಒಳಗೆ ಹೋಗುತ್ತಿತ್ತು. ನಮ್ಮ ಎರೆ ನೆಲದ ಏಪ್ರಿಲ್ ಬಿಸಿಲಿನಲ್ಲಿ ಯಾವ ಬಾಕ್ಸ್ ತಡೆದುಕೊಂಡೀತು? ಬಿಸಿಯಾದ ಎಣ್ಣೆ ತೆಳುವಾಗುತ್ತದೆ, ಒತ್ತಡ ಇಳಿಯುತ್ತದೆ, ಬಾಕ್ಸ್ ಒಳಗಿನ ಕ್ಲಚ್ ಪ್ಲೇಟ್ ಜಾರುತ್ತದೆ, ಜಾರಿದಷ್ಟೂ ಇನ್ನೂ ಬಿಸಿ.

ಆಟೋಮ್ಯಾಟಿಕ್ ರೇಡಿಯೇಟರ್ ಹಾಕಿ, ಅದರ ಮುಂದೆ ಒಂದು ಸಣ್ಣ ಹೊರ ಕೂಲರ್ ಸೇರಿಸಿ, ಎಣ್ಣೆ ಪೂರ್ತಿ ಬದಲಿಸಿದ ಮೇಲೆ ಜಾರುವುದು ನಿಂತಿತು. ಹೊರ ಕೂಲರ್ ಬಗ್ಗೆ ನನ್ನ ಅಭಿಪ್ರಾಯ ಇಷ್ಟು: ಟ್ಯೂನ್ ಆದ ಗಾಡಿಗೆ ಅದು ಬೇಕೇ ಬೇಕು. ಎಣ್ಣೆ ರೇಡಿಯೇಟರ್ ದಾಟಿದ ಮೇಲೆ ಹೊರ ಕೂಲರ್‌ಗೆ ಹೋಗಿ ಬಾಕ್ಸಿಗೆ ಮರಳಲಿ.

ಕೂಲರ್ ಇದ್ದೂ ಬಿಸಿಯಾದರೆ ಹರಿವು ನೋಡಿ. ಬಾಕ್ಸಿಗೆ ಮರಳುವ ಪೈಪ್ ತೆಗೆದು ಡಬ್ಬಿಗೆ ಬಿಟ್ಟು ಐಡಲ್‌ನಲ್ಲಿ ಓಡಿಸಿ. 20ರಿಂದ 30 ಸೆಕೆಂಡಿಗೆ ಒಂದು ಲೀಟರ್ ಹತ್ತಿರ ಬರಬೇಕು ಅನ್ನುವುದು ಒರಟು ಲೆಕ್ಕ. ಸಣ್ಣಗೆ ತೊಟ್ಟಿಕ್ಕಿದರೆ ಪೈಪ್ ಮಡಚಿದೆ ಅಥವಾ ಕೂಲರ್ ಕಟ್ಟಿದೆ. ಹೊರಬಂದ ಅಷ್ಟೂ ಎಣ್ಣೆ ವಾಪಸ್ ತುಂಬುವುದನ್ನು ಮರೆಯಬೇಡಿ. ಗುಜರಿ ರೇಡಿಯೇಟರ್ ಹಾಕಿದ್ದರೆ ಕಡ್ಡಿಯಲ್ಲಿ ಎಣ್ಣೆ ಗುಲಾಬಿ ಬಣ್ಣಕ್ಕೆ ತಿರುಗಿ ನೊರೆಯಾಗಿದೆಯಾ ಅಂತ ದಿನಾ ನೋಡಿ. ಒಳಗಿನ ಕೂಲರ್ ತೂತಾಗಿ ಕೂಲಂಟ್ ಸೇರಿದೆ ಅಂತ ಅರ್ಥ. ಹಾಗಾದರೆ ಗಾಡಿ ಒಂದು ಹೆಜ್ಜೆಯೂ ಓಡಿಸಬೇಡಿ, ನೀರು ಸೇರಿದರೆ ಕ್ಲಚ್ ಪ್ಲೇಟ್‌ನ ಅಂಟು ಬಿಡುತ್ತದೆ.

ಗೇರ್ ಬೀಳುವಾಗ ಧಡ್ ಅನ್ನುವುದು, ಡಿ ಮಿನುಗುವುದು

ಕೋಡ್ ಓದಿ. ಪಿ0715ರಿಂದ ಪಿ0717 ಇನ್‌ಪುಟ್ ವೇಗದ ಸೆನ್ಸರ್, ಪಿ0720ರಿಂದ ಪಿ0722 ಔಟ್‌ಪುಟ್ ವೇಗದ ಸೆನ್ಸರ್. ಸೆನ್ಸರ್ ಬದಲಿಸುವ ಮೊದಲು ಕಪ್ಲರ್ ನೋಡಿ. ಗುಜರಿಯಲ್ಲಿ ವೈರಿಂಗ್ ಕತ್ತರಿಸಿ ತೆಗೆದಿರುತ್ತಾರೆ, ಇಲ್ಲಿ ತಿರುವಿ ಜೋಡಿಸಿರುತ್ತಾರೆ. ಬೆಸುಗೆ ಹಾಕದ ಜಾಯಿಂಟ್ ಒಂದು ಮಳೆಗಾಲ ತಡೆಯುವುದಿಲ್ಲ. ಪಿ0842, ಪಿ0847 ಬಂದರೆ ಎಣ್ಣೆ ಒತ್ತಡದ ಸ್ವಿಚ್‌ಗಳು. ಹೊರಗಿನಿಂದಲೇ ಬಿಚ್ಚಿ ಹಾಕಬಹುದು, ಹಳೆಯ ಹೋಂಡಾ ಬಾಕ್ಸ್‌ಗಳಲ್ಲಿ ಜರ್ಕ್‌ಗೆ ಇವು ಬಹಳ ಸಲ ಕಾರಣ. ಸೋಲನಾಯ್ಡ್ ಓಮ್ಸ್ ಅಳೆಯಿರಿ: ಶಿಫ್ಟ್ ಸೋಲನಾಯ್ಡ್ 12ರಿಂದ 25 ಓಮ್, ಕ್ಲಚ್ ಒತ್ತಡದ ಸೋಲನಾಯ್ಡ್ 3ರಿಂದ 10 ಓಮ್ ಇರಬೇಕು.

ಇವೆಲ್ಲ ಸರಿ ಇದ್ದೂ ಫುಲ್ ರೇಸ್‌ನಲ್ಲಿ ಮಾತ್ರ ಜಾರಿ ಆಮೇಲೆ ಧಡ್ ಅಂದರೆ ಡ್ಯಾಶ್‌ಬೋರ್ಡ್ ಕೆಳಗೆ ಕೈ ಹಾಕಿ. ಟ್ಯೂನ್ ಮಾಡಿಸಿದ ಗಾಡಿಯಲ್ಲಿ ಹಳೆಯ ಪಿಗ್ಗಿಬ್ಯಾಕ್ (ಟ್ಯೂನ್‌ಗಾಗಿ ಕಂಪನಿ ಕಂಪ್ಯೂಟರಿಗೆ ಸೇರಿಸಿದ ಎಲೆಕ್ಟ್ರಾನಿಕ್ ಡಬ್ಬಿ) ಅಲ್ಲೇ ಕೂತಿರುತ್ತದೆ. ಮ್ಯಾನ್ಯುವಲ್ ಕಾಲದಲ್ಲಿ ಅದು ಸೆನ್ಸರ್ ಸಿಗ್ನಲ್ ತಿದ್ದಿ ಇಂಧನ, ಇಗ್ನಿಷನ್ ಬದಲಿಸುತ್ತಿತ್ತು, ಗೇರ್ ಬದಲಿಸುತ್ತಿದ್ದದ್ದು ನಿಮ್ಮ ಕೈ. ಈಗ ಆಟೋಮ್ಯಾಟಿಕ್ ಪಿಸಿಎಂ ಅದೇ ಸಿಗ್ನಲ್ ನೋಡಿ ಎಂಜಿನ್ ಮೇಲೆ ಎಷ್ಟು ಲೋಡ್ ಇದೆ ಅಂತ ತಿಳಿದು, ಕ್ಲಚ್‌ಗಳಿಗೆ ಎಷ್ಟು ಒತ್ತಡ ಕೊಡಬೇಕು ಅಂತ ನಿರ್ಧರಿಸುತ್ತದೆ. ಲೋಡ್ ಕಡಿಮೆ ಅಂತ ಸಿಗ್ನಲ್ ಹೇಳಿದರೆ ಒತ್ತಡವೂ ಕಡಿಮೆಯಾಗುತ್ತದೆ. ಎಂಜಿನ್ ಮಾತ್ರ ಪೂರ್ತಿ ಶಕ್ತಿ ಕೊಡುತ್ತಿರುತ್ತದೆ. ಕ್ಲಚ್ ಜಾರದೆ ಇನ್ನೇನು ಮಾಡೀತು? ಗೇರ್ ಬದಲಾಗುವ ಕ್ಷಣದಲ್ಲಿ ಪಿಸಿಎಂ ಇಗ್ನಿಷನ್ ಸ್ವಲ್ಪ ಹಿಂದೆ ಸರಿಸಿ ಎಂಜಿನ್ ಮೆತ್ತಗೆ ಮಾಡುತ್ತದೆ. ಪಿಗ್ಗಿಬ್ಯಾಕ್ ಅದನ್ನೂ ಕೆಡಿಸಿದರೆ ಧಡ್ ಸದ್ದು ಗ್ಯಾರಂಟಿ.

ಪರೀಕ್ಷೆ ಸುಲಭ. ಪಿಗ್ಗಿಬ್ಯಾಕ್ ಪೂರ್ತಿ ತೆಗೆದು ಕಂಪನಿ ಕಪ್ಲರ್‌ಗಳನ್ನು ನೇರ ಜೋಡಿಸಿ. ಹೆಡರ್, ಇನ್‌ಟೇಕ್ ಇರಲಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರಿನಲ್ಲಿ ಒಮ್ಮೆ ಹತ್ತಿಸಿ ನೋಡಿ. ಜಾರದಿದ್ದರೆ ಉತ್ತರ ಸಿಕ್ಕಿತು. ಮಾಲೀಕರಿಗೆ ಬೇಸರ ಆಗುತ್ತದೆ, ನನಗೂ ಗೊತ್ತು. ಆದರೂ ಆಟೋಮ್ಯಾಟಿಕ್ ಪಿಸಿಎಂಗೆ ಅಂತಲೇ ಟ್ಯೂನ್ ಮಾಡುವವರು ಸಿಗುವವರೆಗೆ ಕಂಪನಿ ಸೆಟ್ಟಿಂಗ್‌ನಲ್ಲೇ ಓಡಿಸಲು ಹೇಳುತ್ತೇನೆ.

ಹೈವೇಯಲ್ಲಿ ನಡುಕ

ಗಂಟೆಗೆ 50ರಿಂದ 70 ಕಿಲೋಮೀಟರ್ ವೇಗದಲ್ಲಿ, ಮೆಲ್ಲಗೆ ರೇಸ್ ಹಿಡಿದಾಗ, ಉಬ್ಬುತಗ್ಗಿನ ಪಟ್ಟಿ ಮೇಲೆ ಓಡಿದಂಥ ನಡುಕ ಬರುತ್ತದಾ? ಹಾವೇರಿ ಕಡೆ ಎನ್‌ಎಚ್ 48ರಲ್ಲಿ ಖಾಲಿ ಜಾಗ ನೋಡಿಕೊಂಡು, ನಡುಕ ಇರುವಾಗಲೇ ಬ್ರೇಕ್ ಪೆಡಲ್ ಸುಮ್ನೆ ಮುಟ್ಟಿ, ಬ್ರೇಕ್ ಲೈಟ್ ಹತ್ತುವಷ್ಟು ಮಾತ್ರ. ಕನ್ವರ್ಟರ್ ಒಳಗೆ ಎಂಜಿನ್ನನ್ನೂ ಬಾಕ್ಸನ್ನೂ ನೇರ ಕಚ್ಚಿ ಹಿಡಿಯುವ ಲಾಕಪ್ ಕ್ಲಚ್ ಆಗ ಬಿಡುತ್ತದೆ. ನಡುಕ ಅಲ್ಲಿಗೇ ನಿಂತರೆ ಲಾಕಪ್ ಕಡೆಯ ದೋಷ. ಬಹುಪಾಲು ಎಣ್ಣೆ ತಪ್ಪಿರುತ್ತದೆ. ಎಲ್ಲ ಗಾಡಿಗೂ ಆಗುತ್ತದೆ ಅಂತ ಅಂಗಡಿಯವರು ಕೊಡುವ ಕೆಂಪು ಎಣ್ಣೆ ಇಲ್ಲಿ ಬೇಡ. ಮೊದಲು ಹೋಂಡಾದ ಎಟಿಎಫ್ (ಆಟೋಮ್ಯಾಟಿಕ್ ಬಾಕ್ಸಿನ ಎಣ್ಣೆ) ಝಡ್-1 ಇತ್ತು, ಈಗ ಅದರ ಜಾಗದಲ್ಲಿ ಡಿಡಬ್ಲ್ಯೂ-1 ಇದೆ, ಅದನ್ನೇ ಹಾಕಿ. ಒಂದು ಡ್ರೇನ್‌ಗೆ ಅರ್ಧವೂ ಬದಲಾಗುವುದಿಲ್ಲ, ನಡುವೆ ಓಡಿಸಿ ಮೂರು ಸಲ ಮಾಡಿ. ಪ್ಲಗ್, ಕಾಯಿಲ್ ಸುಸ್ತಾಗಿದ್ದರೂ ಲಾಕಪ್‌ನಲ್ಲೇ ನಡುಕ ಎದ್ದು ಕಾಣುತ್ತದೆ, ಅದನ್ನೂ ನೋಡಿ. ಲಾಕಪ್ ಹಿಡಿಯುತ್ತಿಲ್ಲ ಅನ್ನುವ ಪಿ0741 ಕೋಡ್ ಬಂದು, ಎಣ್ಣೆ ಬದಲಿಸಿದರೂ ಹೋಗದಿದ್ದರೆ ಆಗ ಕನ್ವರ್ಟರ್ ಮೇಲೆ ಅನುಮಾನ ಪಡಿ.

ಕಾಗದದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಗಾಡಿಯಲ್ಲಿ ಇಂಥ ಮಾರ್ಪಾಟಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅನ್ವಯಿಸುತ್ತದೆ. ಧಾರವಾಡದ ಕೆಎ-25 ಆಗಲಿ ಹುಬ್ಬಳ್ಳಿಯ ಕೆಎ-63 ಆಗಲಿ, ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಮೊದಲೇ ಕೇಳಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ಕಾಲಿನ ತೊಂದರೆಗಾಗಿ ಬದಲಿಸುವವರು ವೈದ್ಯರ ಕಾಗದ ಇಟ್ಟುಕೊಂಡೇ ಹೋಗಿ ಮಾತಾಡಿ.

ಬಾಕ್ಸ್ ಇಳಿಸುವ ಮುನ್ನ

ಇಷ್ಟೆಲ್ಲ ಆದ ಮೇಲೂ ದೋಷ ಉಳಿದರೆ ಸ್ಟಾಲ್ ಪರೀಕ್ಷೆ ಮಾಡಿ. ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬ್ರೇಕ್ ಗಟ್ಟಿ ತುಳಿದು, ಡಿಯಲ್ಲಿ ಪೂರ್ತಿ ರೇಸ್ ಕೊಟ್ಟು ಆರ್‌ಪಿಎಂ ಓದಿ. 5 ಸೆಕೆಂಡಿಗಿಂತ ಜಾಸ್ತಿ ಬೇಡ. ಎರಡು ನಿಮಿಷ ತಣ್ಣಗಾಗಲು ಬಿಟ್ಟು ಆರ್‌ನಲ್ಲಿ ಮಾಡಿ. ಸರ್ವಿಸ್ ಪುಸ್ತಕದ ಅಂಕಿಗಿಂತ ಎರಡರಲ್ಲೂ ಜಾಸ್ತಿ ಬಂದರೆ ಒತ್ತಡ ಕಡಿಮೆ ಇದೆ: ಎಣ್ಣೆ, ಪಂಪ್. ಒಂದರಲ್ಲಿ ಮಾತ್ರ ಜಾಸ್ತಿ ಬಂದರೆ ಆ ಗೇರಿನ ಕ್ಲಚ್. ಎರಡರಲ್ಲೂ ಕಡಿಮೆ ಬಂದರೆ ಎಂಜಿನ್ ಪಿಕಪ್ ಇಲ್ಲ, ಅಥವಾ ಕನ್ವರ್ಟರ್‌ನ ಒನ್‌ವೇ ಕ್ಲಚ್ ಹೋಗಿದೆ. ಆಮೇಲೆ ಬಾಕ್ಸ್ ಮೈಮೇಲಿರುವ ಪರೀಕ್ಷಾ ಬೋಲ್ಟ್ ಬಿಚ್ಚಿ ಗೇಜ್ ಹಾಕಿ ಒತ್ತಡ ಅಳೆಯಿರಿ. ಗೇಜ್ ಹಾಕದೆ ಬಾಕ್ಸ್ ಬಿಚ್ಚಲು ಹೇಳುವವರನ್ನು ನಂಬಬೇಡಿ.

ಈ ಬಾಕ್ಸಿಗೆ ಕೆಳಗೆ ಬಿಚ್ಚಿ ನೋಡುವ ಪ್ಯಾನ್ ಇಲ್ಲ. ಒಳಗಿನ ಸುದ್ದಿ ಹೇಳುವುದು ಡ್ರೇನ್ ಬೋಲ್ಟ್‌ನ ಅಯಸ್ಕಾಂತ. ಅದರ ಮೇಲೆ ನುಣ್ಣನೆಯ ಬೂದು ಪೇಸ್ಟ್ ಇದ್ದರೆ ಅದು ಸಹಜ ಸವೆತ, ಒರೆಸಿ ಹಾಕಿ. ಬೆರಳಿಗೆ ಚುಚ್ಚುವ ಚೂರುಗಳೋ ಹೊಳೆಯುವ ಎಳೆಗಳೋ ಸಿಕ್ಕರೆ ಬಾಕ್ಸ್ ಇಳಿಸಲೇಬೇಕು. ಇಳಿಸಿ ಬೇರೆ ಬಾಕ್ಸ್ ಹಾಕುವಾಗ ಕನ್ವರ್ಟರ್ ಮತ್ತು ಕೂಲರ್ ಎರಡನ್ನೂ ಬದಲಿಸಿ, ಪೈಪ್‌ಗಳನ್ನು ತೊಳೆಯಿರಿ. ಆ ಚೂರುಗಳು ಅಲ್ಲೆಲ್ಲ ಅಡಗಿ ಕೂತಿರುತ್ತವೆ, ಹೊಸ ಬಾಕ್ಸಿಗೆ ಮೊದಲ ದಿನವೇ ಬಂದು ಸೇರುತ್ತವೆ.